ಸುಯ್ ಅನ್ನುವ ಸದ್ದು

ಮೇಸ್ತ್ರಿಯ ಎಡಗಿವಿ ಕೈಕೊಟ್ಟು ಎರಡು ವರ್ಷವಾಗಿತ್ತು. ಈಚೆಗೆ ಬಲಗಿವಿಯೂ ಅದೇ ದಾರಿ ಹಿಡಿದಿತ್ತು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ ಈಗ ಕಿವಿಗೊಂದು ಮಿಷನ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಗ್ಯಾರೇಜು ಅವನದೂ ತಮ್ಮನದೂ ಸೇರಿದ್ದು. ತಮ್ಮ ಕೆಟ್ಟವನೇನಲ್ಲ, ನಾಲಿಗೆ ಮಾತ್ರ ಖಾರ.

"ಅಣ್ಣ, ಈ ಕಾರೊಂದು ನೋಡು. ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ನಮ್ಮ ಕೌಂಟರಲ್ಲಿ ಕೂತು ಸಾಮಾನು ಮಾರು," ಎಂದಿದ್ದ.

ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈ ಇನ್ನು ನಟ್ಟು ಬೋಲ್ಟು ಪೊಟ್ಟಣ ಕಟ್ಟಬೇಕೇ? ಮೇಸ್ತ್ರಿಗೆ ಎರಡು ದಿನದಿಂದ ಊಟ ಸೇರಿರಲಿಲ್ಲ.

ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಕಾರು ಆಫ್ ಆಗುತ್ತಿತ್ತು. ಮೇಸ್ತ್ರಿ ಥ್ರಾಟಲ್ ಬಾಡಿ ಬಿಚ್ಚಿದ. ಎಂಜಿನ್ನಿಗೆ ಗಾಳಿಯನ್ನು ಅಳೆದು ಬಿಡುವ ಆ ಗಿಡ್ಡ ಕೊಳವೆಯೊಳಗೆ ಮಸಿ ಮೆತ್ತಿಕೊಂಡು, ನಡುವಿನ ದುಂಡು ತಗಡು ಸರಿಯಾಗಿ ಆಡುತ್ತಿರಲಿಲ್ಲ. ಕ್ಲೀನರ್ ಹೊಡೆದು ಮೆತ್ತಗೆ ಒರೆಸಿದ, ತಿರುಗಿ ಕೂರಿಸಿದ, ಕಂಪ್ಯೂಟರ್ ಹಚ್ಚಿ ಸೆಟ್ಟಿಂಗ್ ಮಾಡಿದ. ಸ್ಟಾರ್ಟ್ ಮಾಡಿದರೆ, ಎಂಜಿನ್ ಎಷ್ಟು ಜೋರಾಗಿ ಸುತ್ತುತ್ತಿದೆ ಎಂದು ತೋರಿಸುವ, ಎಂಟುನೂರಕ್ಕೆ ನಿಲ್ಲಬೇಕಾದ ಮುಳ್ಳು ಸಾವಿರದೈನೂರಕ್ಕೆ ಏರಿ ಅಲ್ಲೇ ಠಿಕಾಣಿ ಹೂಡಿತು.

"ಮುಗೀತಲ್ಲ ಕಥೆ. ಹೊಸದೇ ತರಿಸ್ತೀನಿ," ಎಂದು ತಮ್ಮ ಸಾಮಾನಿನ ಅಂಗಡಿಗೆ ಫೋನ್ ಹಚ್ಚಿದ.

ಊಟದ ಡಬ್ಬಿ ತಂದಿದ್ದ ಮೇಸ್ತ್ರಿಯ ಹೆಂಡತಿ ಹತ್ತಿರ ಬಂದು ಹೇಳಿದಳು: "ರೀ, ಸುಯ್ ಅಂತಿದೆ."

ಅವರ ಮನೆಯಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ಕಿವಿಯ ಮಿಷನ್ ಸಡಿಲಾದಾಗಲೆಲ್ಲ ಸುಯ್ ಎನ್ನುತ್ತಿತ್ತು. ಅವನಿಗೆ ಕೇಳದಿದ್ದರೂ ಊರಿಗೆಲ್ಲ ಕೇಳುತ್ತಿತ್ತು. ಮೇಸ್ತ್ರಿ ಅದನ್ನು ಒತ್ತಿಕೊಂಡ.

"ಇನ್ನೂ ಅಂತಿದೆ ಕಣ್ರೀ."

ಅವನಿಗೆ ರೇಗಿಹೋಯಿತು. ಮಿಷನ್ ಕಿತ್ತು, ಆಫ್ ಮಾಡಿ, ಅವಳ ಕೈಗೇ ಹಾಕಿದ. ಸುಯ್ ನಿಂತಿರಲಿಲ್ಲ. ಅವಳು ಅದನ್ನೊಮ್ಮೆ ನೋಡಿದಳು, ಎಂಜಿನ್ನನ್ನೊಮ್ಮೆ ನೋಡಿದಳು. ಆಮೇಲೆ ಅವನ ತೋಳು ಹಿಡಿದೆಳೆದು ಥ್ರಾಟಲ್ ಬಾಡಿಯ ಕಡೆ ಬೆರಳು ತೋರಿಸಿದಳು.

ಮೇಸ್ತ್ರಿ ಅದರ ಬುಡದ ಸುತ್ತ ಒಂಚೂರು ಕ್ಲೀನರ್ ಹೊಡೆದ. ಮುಳ್ಳು ಅಲ್ಲಾಡಿತು. ಕಳ್ಳಗಾಳಿ ನುಗ್ಗುತ್ತಿದ್ದದ್ದು ಅಲ್ಲೇ. ಬಿಚ್ಚಿ ನೋಡಿದರೆ, ಸಂದಿಯಲ್ಲಿ ಗಾಳಿ ಸೋರದಂತೆ ತಡೆಯುವ ಗ್ಯಾಸ್ಕೆಟ್ಟಿನ ಅಂಚು ಕೂರಿಸುವಾಗ ಮಡಚಿಕೊಂಡಿತ್ತು. ತಪ್ಪು ಅವನದೇ, ಮೊದಲಾಗಿದ್ದರೆ ಸ್ಟಾರ್ಟ್ ಮಾಡಿದ ಕ್ಷಣವೇ ಕಿವಿ ಹೇಳಿಬಿಡುತ್ತಿತ್ತು. ನಾಚಿಕೆಯಾಯಿತು. ಹೊಸ ಗ್ಯಾಸ್ಕೆಟ್ ಹಾಕಿ ಬೋಲ್ಟು ಬಿಗಿದ. ಮುಳ್ಳು ಇಳಿದು ಎಂಟುನೂರಕ್ಕೆ ನಿಂತಿತು. ಹತ್ತು ನಿಮಿಷ ಕಾದರೂ ಕದಲಲಿಲ್ಲ, ಎಂಜಿನ್ನೂ ಆಫ್ ಆಗಲಿಲ್ಲ.

ಮಿಷನ್ ಮತ್ತೆ ಕಿವಿಗೇರಿತು. ತಮ್ಮ ಬಾಗಿಲ ಹತ್ತಿರ ನಿಂತು ಪುನಃ ಫೋನಿನಲ್ಲಿದ್ದ: "ಹೊಸದು ಬೇಡಪ್ಪ. ನಮ್ಮಣ್ಣ ರೆಡಿ ಮಾಡ್ದ. ನಮ್ಮ ಕೌಂಟರಿಗೆ ಬೇರೆ ಯಾರಾದ್ರೂ ಇದ್ರೆ ಹೇಳು."

ಮೇಸ್ತ್ರಿ ಹೆಂಡತಿಯ ಕಡೆ ಬಾಗಿದ. "ಏನಂದ ಅವ್ನು?"

ಅವಳು ಒಂದಕ್ಷರ ಬಿಡದೆ ಹೇಳಿದಳು.

"ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಕೇಳಿಸಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೂ ಇನ್ನೊಂದು ಸಲ ಹೇಳಿದಳು, ಸ್ವಲ್ಪ ಜೋರಾಗಿಯೇ.