ನೀಲಿ ಬೆಳಕಿನ ಊಟ

ದೀಪ ಆರಿಸಿದ. ಶೆಡ್ಡಿನ ಅಷ್ಟೂ ಕೋಳಿಗಳು ಒಂದೇ ಸಲಕ್ಕೆ ಕೂತವು. ಹಾಕಿದ, ಎದ್ದವು. ಎಷ್ಟು ಸಲ ಮಾಡಿದರೂ ಅವನಿಗೆ ಬೇಸರ ಬರದ ಆಟ ಇದು.

ಈ ನೀಲಿ ಬೆಳಕಿನ ಶೆಡ್ಡು ಅವನ ಸಂಶೋಧನೆ, ಅವನ ಹೆಮ್ಮೆ. ಪಕ್ಕದ ಶೆಡ್ಡಿನ ಬಿಳಿ ಬೆಳಕಿನಲ್ಲಿ ಒಂದನ್ನೊಂದು ಕುಕ್ಕಿ ರಕ್ತ ಬರಿಸುವ ಅದೇ ತಳಿಯ ಕೋಳಿಗಳು ಇಲ್ಲಿ ಪರಮ ಸಾಧು. ಮೇವಿಗೆ ಕೆಂಪು ಫೀಡರು ಇಟ್ಟ ಮೇಲಂತೂ ತಕರಾರೇ ಇಲ್ಲ. ತಲೆ ತಗ್ಗಿಸಿ ತಿನ್ನುತ್ತವೆ, ಮೈ ತುಂಬಿಕೊಳ್ಳುತ್ತವೆ. ಪಾಪ, ತಾವೇ ಒಳ್ಳೆಯವರಾಗಿಬಿಟ್ಟೆವು ಅಂದುಕೊಂಡಿರುತ್ತವೆ ಎಂದು ಸಹಾಯಕಿಗೆ ಹೇಳಿ ನಕ್ಕ. ಅವಳೂ ನಕ್ಕಳು, ಸಾಹೇಬರು ನಕ್ಕರೆ ನಗಬೇಕಲ್ಲ.

ಅವನೂ ಈಚೆಗೆ ಒಳ್ಳೆಯವನಾಗಿದ್ದ. ಹೋದ ವರ್ಷದವರೆಗೂ ಉಪ್ಪು ಒಂದಿಷ್ಟು ಹೆಚ್ಚಾದರೆ ಸಾಕು, ಊಟದ ತಟ್ಟೆ ಗೋಡೆಗೆ ಹೋಗುತ್ತಿತ್ತು. ಒಮ್ಮೆ ಗೋಡೆಗೆ ಹೋಗಬೇಕಾದದ್ದು ಮಗಳ ಹುಬ್ಬಿಗೆ ಹೋಯಿತು, ಹೊಲಿಗೆ ಬಿತ್ತು. ಅವತ್ತು ಬಚ್ಚಲಲ್ಲಿ ಕೂತು ಅತ್ತು, ಇನ್ನು ಸಿಟ್ಟಾಗುವುದಿಲ್ಲ ಎಂದು ಆಣೆ ಮಾಡಿಕೊಂಡ. ಆಣೆ ನಿಂತಿತು. ಮನಸ್ಸು ಮಾಡಿದರೆ ಆಗದ್ದು ಯಾವುದಿದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡುವಷ್ಟು ನಿಂತಿತು.

ಸಂಜೆ ಮನೆಗೆ ಬಂದಾಗ ಊಟದ ಮೇಜಿನ ಮೇಲಿನ ನೀಲಿ ಬಲ್ಬು ಸುಟ್ಟುಹೋಗಿತ್ತು. ಅಡುಗೆಮನೆಯಿಂದ ಬೀಳುವ ಅಷ್ಟಿಷ್ಟು ಬೆಳಕಿನಲ್ಲಿ ಮಗಳು ಉಣ್ಣುತ್ತಿದ್ದಳು. ಹೆಂಡತಿಯನ್ನು ಕೇಳದೆ ಅಂಗಡಿಗೆ ಹೋಗಿ ಬಿಳಿಯದು ತಂದು, ಸ್ಟೂಲು ಹತ್ತಿ ಹಾಕಿದ. ಮನೆಗೆಲಸಕ್ಕೆ ಕೈಹಾಕುವ ಗಂಡ! ಇಳಿದು ಸ್ವಿಚ್ಚು ಒತ್ತಿದ.

ಮಗಳು ತಟ್ಟೆ ಎತ್ತಿಕೊಂಡು ಹೋಗಿ ಬಾಗಿಲ ಬಳಿ ನಿಂತಳು.

“ಯಾಕೆ ಪುಟ್ಟಿ?”

“ಹಸಿವಿಲ್ಲ.”

ಹೆಂಡತಿ ಬಂದಳು. ಬಲ್ಬು ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು.

“ನೀಲಿದು ಸಿಗಲಿಲ್ವಾ?”

“ಇದಕ್ಕೇನಾಗಿದೆ?”

“ಏನಿಲ್ಲ. ಈಗ ಆರಿಸಿಬಿಡಿ.”

“ಬಿಳಿ ಹಾಕಿದ್ರೆ ನಿಮಗೆ ಸಿಟ್ಟು ಬರುತ್ತಂತೆ ಅಪ್ಪ,” ಎಂದಳು ಮಗಳು. “ನಿಮ್ಮ ಕೋಳಿಗಳ ಥರ.”

ಹೆಂಡತಿ ತಲೆ ತಗ್ಗಿಸಿ ಒಪ್ಪಿಕೊಂಡಳು. ಒಂದು ದಿನ ಊಟಕ್ಕೆ ಕೂತು ಅವನೇ ಎಲ್ಲ ವಿವರಿಸಿದ್ದನಂತೆ. ಮಗುವಿನ ಹೊಲಿಗೆ ಬಿಚ್ಚಿಸಿಕೊಂಡು ಬರುವಾಗ ಬಲ್ಬು ತಂದಳಂತೆ, ಆಮೇಲೆ ಒಡೆಯದ ಈ ಕೆಂಪು ತಟ್ಟೆಗಳನ್ನು. ಚೆಂದಕ್ಕೆ ತಂದಿರಬೇಕು ಅಂದುಕೊಂಡಿದ್ದ ಅವನು, ಬಣ್ಣಗಳ ಪಂಡಿತ.

ಹಾಗಾದರೆ ಆ ಅಳು? ಆ ಆಣೆ?

“ನಾನೇ ಬದಲಾಗಿದ್ದು,” ಎಂದ. ದನಿ ಜೋರಾಗಿಯೇ ಬಂತು. “ನಾನೇ!”

ಇಬ್ಬರೂ ಅವನ ಮುಖ ನೋಡುತ್ತಿರಲಿಲ್ಲ. ಅವರ ಕಣ್ಣು ಎಲ್ಲಿದೆಯೆಂದು ಹುಡುಕಿದ: ಅವನ ಬಲಗೈ, ಅವನಿಗೇ ತಿಳಿಯದಂತೆ, ಮೇಜಿನ ಮೇಲಿದ್ದ ತನ್ನ ತಟ್ಟೆಯ ಅಂಚನ್ನು ಹಿಡಿದಿತ್ತು. ಮಗಳ ಹುಬ್ಬಿನ ಗಾಯದ ಗುರುತು ಬಿಳಿ ಬೆಳಕಿನಲ್ಲಿ ಎದ್ದು ಕಾಣುತ್ತಿತ್ತು. ಇಷ್ಟು ದಿನ ಅದು ಮಾಸಿಹೋಗಿದೆ ಎಂದೇ ಅವನು ನಂಬಿದ್ದ.

ಮಗಳು ನಿಧಾನಕ್ಕೆ ಕೈ ಚಾಚಿ ಸ್ವಿಚ್ಚು ಆರಿಸಿದಳು. ಅಡುಗೆಮನೆಯದನ್ನು ಹೆಂಡತಿ ಆರಿಸಿದಳು.

ಕತ್ತಲು. ಏನಾದರಾಗಲಿ, ನಿಂತೇ ಇರುತ್ತೇನೆ ಎಂದು ಅವನು ಹಟ ಹಿಡಿದ. ಮಂಡಿಗಳು ತಾವಾಗಿ ಮಡಚಿಕೊಂಡವು. ಅವನು ಕೂತ.