ಕೆಳಗಿಟ್ಟ ಬೆತ್ತ

ಬೆತ್ತ ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಅವರಾಗಿಯೇ ಅದನ್ನು ಕೆಳಗಿಡುವ ತನಕ ಯಾರೂ ಅವರ ಮೈ ಮುಟ್ಟುವಂತಿಲ್ಲ. ರಾಮಾಪುರದಿಂದ ಕಾಡಿನ ಕಡೆಗಿರುವ ಆ ಊರಿನ ಅರಳಿಕಟ್ಟೆಯಲ್ಲಿ ನ್ಯಾಯ ನಡೆಯುತ್ತಿದ್ದದ್ದು ಹಾಗೆ. ಅಣ್ಣತಮ್ಮಂದಿರು ಮಚ್ಚು ಹಿಡಿದು ಬಂದಾಗಲೂ ಬೆತ್ತ ಕಂಡು ತೆಪ್ಪಗೆ ಕೂತದ್ದುಂಟು. ಹಿಡಿಗೆ ಬೆಳ್ಳಿಯ ಬಳೆ ಹಾಕಿದ್ದ ಆ ಬೆತ್ತವನ್ನು ಊರಿನ ಯಜಮಾನ ಚಿಕ್ಕಮಾದಯ್ಯ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ.

ಎಂಬತ್ತೊಂಬತ್ತರ ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಸುದ್ದಿ ಕೊಳ್ಳೇಗಾಲದ ಬಸ್ಸಿನಲ್ಲೇ ಊರಿಗೆ ಬಂದಿತ್ತು. ರಾಜಣ್ಣನ ಆರು ವರ್ಷದ ಮಗಳು ಯಶೋದ ಮಧ್ಯಾಹ್ನದಿಂದ ಕಾಣುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಹುಡುಗರು ಆರ್ಮುಗಂನನ್ನು ಕಟ್ಟೆಗೆ ಎಳೆದು ತಂದರು. ಅವನು ಗಡಿಯಾಚೆಯ ತಮಿಳು ಸೀಮೆಯವನು, ಸವೆದ ಒರಳುಕಲ್ಲಿಗೆ ಉಳಿಯಲ್ಲಿ ಹೊಸ ಕಚ್ಚು ಹೊಡೆದುಕೊಡುವವನು. ಅವನ ತೋಳು ತಿರುಚಿ ಹಿಡಿದಿದ್ದವನು ಚಿಕ್ಕಮಾದಯ್ಯನ ಮಗ ಪ್ರಭುಸ್ವಾಮಿ.

ಕಟ್ಟೆಯ ಕೆಳಗೆ ಹೆಂಗಸರ ನಡುವೆ ನಿಂತಿದ್ದ ಅವನ ಹೆಂಡತಿ ಪುಷ್ಪ ಗಂಡನ ಮುಖ ನೋಡಿದಳು. ಕೋಳಿ ಕುಯ್ಯುವಾಗ ಹಿತ್ತಲಿಗೆ ಹೋಗಿ ನಿಲ್ಲುವವನು ಅವನು. ಈಗ ಅವನ ಕತ್ತಿನ ನರ ಉಬ್ಬಿತ್ತು.

"ಚೀಲ್ದಲ್ಲಿ ಏನಿಟ್ಟಿದ್ದೀಯ್ಲಾ?" ರಾಜಣ್ಣ ಕೇಳಿದ.

"ಉಳಿ ಸಾಮಿ. ಸುತ್ತಿಗೆ."

"ಮಗೀನ ಎಲ್ಲಿ ಬುಟ್ಟೆ?"

"ಯಾವ ಮಗು ಸಾಮಿ?"

ಯಾರೋ ಎಸೆದ ಕಲ್ಲು ಅವನ ಹಣೆಗೆ ಬಿತ್ತು. ಚಿಕ್ಕಮಾದಯ್ಯ ಎದ್ದು, ಮಗನ ಕೈ ಬಿಡಿಸಿ, ಆರ್ಮುಗಂನ ಕೈಗೆ ಬೆತ್ತ ಕೊಟ್ಟ.

"ಇದು ನಿನ್ನ ಕೈಲಿರಾಗಂಟ ನಿನ್ನ ಯಾರೂ ಮುಟ್ಟಂಗಿಲ್ಲ. ಏಳೋದ ಏಳು."

ಆರ್ಮುಗಂಗೆ ಎಷ್ಟು ಅರ್ಥವಾಯಿತೋ. ಬೆತ್ತವನ್ನು ಎರಡೂ ಕೈಯಲ್ಲಿ ದೇವರ ತಟ್ಟೆಯಂತೆ ಹಿಡಿದುಕೊಂಡ.

ಬೆಳಗಿನಿಂದ ಹೊತ್ತು ಇಳಿಯುವವರೆಗೆ ಅವನು ಪುಷ್ಪಳ ಅಂಗಳದಲ್ಲೇ ಕೂತು ಅವಳ ಒರಳಿಗೆ ಕಚ್ಚು ಹೊಡೆದಿದ್ದ. ಮನೆಯ ಗಂಡಸರು ಹೊಲದಲ್ಲಿದ್ದದ್ದರಿಂದ ಅದು ಅವಳೊಬ್ಬಳಿಗೇ ಗೊತ್ತು. ಹೆಂಗಸರು ಕಟ್ಟೆಯ ನ್ಯಾಯದಲ್ಲಿ ಬಾಯಿ ಹಾಕುತ್ತಿರಲಿಲ್ಲ.

"ಮಾವ," ಅಂದಳು ಕೊನೆಗೆ, "ಅವ್ರು ಮದ್ಯಾನ ಪೂರಾ ನಮ್ಮನೇಲೆ ಕಲ್ ಕುಟ್ತಿದ್ರು. ಎಲ್ಲೂ ಓಗಿಲ್ಲ."

"ಅಲ್ಲ ಪ್ರಬು, ನಿನ್ನೆಂಡ್ರು ತೌರಿಂದ ಬಂದೋನ್ಗೆ ಊಟನೂ ಇಕ್ಕಿದ್ಲೇನಪ್ಪ?" ಎಂದಿತು ಹಿಂದಿನಿಂದ ಒಂದು ದನಿ. ಪುಷ್ಪಳ ತವರೂ ತಮಿಳು ಸೀಮೆ. ನಗು ಎದ್ದಿತು. ಪ್ರಭುಸ್ವಾಮಿ ನಗಲಿಲ್ಲ, ಅವಳ ಕಡೆ ತಿರುಗಲೂ ಇಲ್ಲ.

ಆಗಲೇ ರಾಮಾಪುರದ ಕಡೆಯ ಬಸ್ಸು ಬಂದು ನಿಂತಿತು. ಬೇರೆ ಮನೆಯಲ್ಲಿದ್ದ ರಾಜಣ್ಣನ ತಾಯಿ ಗೋವಿಂದಮ್ಮ ಮೊದಲು ಇಳಿದಳು. ಅವಳ ಸೆರಗು ಹಿಡಿದು, ಕಿವಿಗೆ ಹತ್ತಿ ತುರುಕಿಕೊಂಡಿದ್ದ ಯಶೋದ ಇಳಿದಳು.

"ಕಿವಿ ಸೋರ್ತಿತ್ತು ಕಣ್ಲಾ, ಆಸ್ಪತ್ರೆಗೆ ಕರ್ಕೊಂಡೋಗಿದ್ದೆ. ಬಸ್ಸು ಬಂದ್ಬುಡ್ತು, ಏಳಕ್ಕೆ ಒತ್ತೆಲ್ಲಿತ್ತು?" ಅಂದಳು ಗೋವಿಂದಮ್ಮ. "ಇದೇನು ಇಷ್ಟು ಜನ?"

ರಾಜಣ್ಣ ಮಗಳನ್ನು ಎತ್ತಿಕೊಂಡ. ಕಲ್ಲು ಹಿಡಿದಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ಕಲ್ಲು ಕೆಳಗೆ ಬೀಳಲಿಲ್ಲ. ಅದನ್ನು ಗಮನಿಸಿದ ಪುಷ್ಪ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು.

ಮಗುವನ್ನು ಕಂಡು ಆರ್ಮುಗಂ ನಕ್ಕ. ಎಲ್ಲ ಮುಗಿಯಿತೆಂದುಕೊಂಡನೇನೋ. ಹಿರಿಯರು ಕೊಟ್ಟದ್ದನ್ನು ಹಿರಿಯರಿಗೇ ಮರ್ಯಾದೆಯಿಂದ ಒಪ್ಪಿಸಬೇಕೆಂದು ಚಿಕ್ಕಮಾದಯ್ಯನ ಕಾಲ ಬಳಿ ಬಗ್ಗಿದ.

"ಅಣ್ಣೇ, ಕೀಳೆ ವೆಕ್ಕಾದೀಂಗ," ಪುಷ್ಪ ಕೂಗಿದಳು. ಕೆಳಗಿಡಬೇಡಿ ಎಂದು. ಈ ಊರಿಗೆ ಬಂದ ಮೇಲೆ ಅವಳು ತಮಿಳು ಆಡಿದ್ದು ಅದೇ ಮೊದಲು.

ಅಷ್ಟರಲ್ಲಿ ಬೆತ್ತ ನೆಲದ ಮೇಲಿತ್ತು. ಆರ್ಮುಗಂ ಕೈ ಮುಗಿದು ಇನ್ನೂ ಬಗ್ಗಿಯೇ ಇದ್ದ.

"ಇವತ್ತು ಸಿಕ್ತು. ನಾಳೆ ಎತ್ಕೊಂಡೋದ್ರೆ?" ಎಂದಿತು ಅದೇ ದನಿ.

ಮೊದಲ ಏಟು ಪ್ರಭುಸ್ವಾಮಿಯದು. ಅವನು ಹೊಡೆದದ್ದು ಅದೇ ಬೆತ್ತದಿಂದ. ಆಮೇಲೆ ಯಾರ ಏಟು ಯಾವುದೆಂದು ತಿಳಿಯಲಿಲ್ಲ. "ಬುಡ್ರೋ, ಬುಡ್ರೋ" ಎನ್ನುತ್ತಿದ್ದ ಚಿಕ್ಕಮಾದಯ್ಯನನ್ನು ಪಕ್ಕಕ್ಕೆ ತಳ್ಳಿದರು. ಪುಷ್ಪ ನುಗ್ಗಿ ಆರ್ಮುಗಂನ ಮೇಲೆ ಅಡ್ಡ ಬಿದ್ದಳು. ಅವಳ ಬೆನ್ನಿಗೆ ಬಿದ್ದ ಏಟಿಗೆ ಬೆತ್ತ ಮುರಿಯಿತು. ಆ ಶಬ್ದಕ್ಕೆ ಎಲ್ಲರೂ ನಿಂತರು.

ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್ ಆರ್ಮುಗಂನನ್ನು ಹೊತ್ತು ಸೀಟಿನ ಮೇಲೆ ಮಲಗಿಸಿಕೊಂಡು ಬಸ್ಸನ್ನು ಬಂದ ದಾರಿಗೇ ತಿರುಗಿಸಿದರು. ಅವನ ಉಸಿರು ಆಡುತ್ತಿತ್ತು, ಕಣ್ಣು ತೆರೆದಿರಲಿಲ್ಲ. ಜನ ಚದುರಿದರು.

ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಪುಷ್ಪ ಒರಳಿನ ಪಕ್ಕ ಗೋಡೆಗೆ ಒರಗಲಾರದೆ ಕೂತಿದ್ದಳು. ಪ್ರಭುಸ್ವಾಮಿ ಕೈ ತೊಳೆದು ಒಳಗೆ ಬಂದ. ಚಿಕ್ಕಮಾದಯ್ಯ ಬೆಳ್ಳಿಯ ಬಳೆಯಿದ್ದ ಬೆತ್ತದ ತುಂಡನ್ನು ಮಗನ ಕಡೆ ಚಾಚಿದ.

"ಇಡ್ಕೊ. ನಿನ್ನ ಯಾರೂ ಮುಟ್ಟಲ್ಲ. ಮಗು ಸಿಕ್ಮೇಲೂ ಯಾಕೊಡ್ದೆ, ಏಳು."

ಪ್ರಭುಸ್ವಾಮಿ ತೆಗೆದುಕೊಂಡ. ಅಪ್ಪ ಕಾದ. ಪುಷ್ಪ ಕಾದಳು. ಕತ್ತಲಾಗುತ್ತ ಬಂತು. ಅವನು ಮಾತಾಡಲೂ ಇಲ್ಲ, ತುಂಡನ್ನು ಕೆಳಗಿಡಲೂ ಇಲ್ಲ.