ಗೇರ್ ಮೇಲಿನ ಕೈ

ಮತ್ತೆ ಆ ಮಾವಿನ ವಾಸನೆ, ಮುಂದಿನ ಸೀಟಿನ ಕೆಳಗಿನ ಬುಟ್ಟಿಗಳು ಇಂಜಿನ್ನಿನ ಕಾವಿಗೆ ಹಣ್ಣಾಗುತ್ತಿವೆ, ಹಾನಗಲ್ಲಿನಲ್ಲಿ ಹತ್ತಿಸುವಾಗ ಕಾಯಿ, ಸವಣೂರಿನಲ್ಲಿ ಇಳಿಸುವಾಗ ಹಣ್ಣು, ಅಂಥ ಗಾಡಿ ಇದು, ಅಂಥ ಡ್ರೈವರ್ ಈ ಗೋಣೆಪ್ಪ, ಇವತ್ತು ಸ್ಟಿಯರಿಂಗ್ ಅವನ ಕೈಯಲ್ಲಿ ಬುಗುರಿಯ ಹಾಗೆ ತಿರುಗುತ್ತಿದೆ, ಕೆರೆ ಏರಿಯನ್ನು ಮೂರನೆಯ ಗೇರಿನಲ್ಲೇ ಹತ್ತಿಬಿಟ್ಟಿತು ಗಾಡಿ, ಎಮ್ಮೆಯೊಂದು ಅಡ್ಡ ಬಂತು, ಬರಲಿ, ದಾಟಲಿ, ಎಮ್ಮೆಯನ್ನು ಬೈಯದೆ ಬಿಟ್ಟ ದಿನ ಅವನ ಜನ್ಮದಲ್ಲಿ ಇನ್ಯಾವುದಿತ್ತು — ಬೆಳಿಗ್ಗೆ ಮಾಲಕರ ಕಚೇರಿಯಲ್ಲಿ ಮೇಜು ಗುದ್ದಿದ ಮುಷ್ಟಿ ಇನ್ನೂ ಚುರುಗುಟ್ಟುತ್ತಿದೆ, ಆ ಉರಿಯೂ ಹಿತವಾಗಿದೆ, ಮೇಜಿನ ಮೇಲಿನ ಮಸಿದೌತಿ ಹಾರಿ ಮ್ಯಾನೇಜರನ ಬಿಳಿ ಧೋತರದ ಮೇಲೆ ಬಿತ್ತಲ್ಲ, ಯೂನಿಯನ್ನಿನ ಕರಿಬಸಪ್ಪ ಮೀಸೆಯೊಳಗೇ ನಕ್ಕನಲ್ಲ. ಹುಬ್ಬಳ್ಳಿ ರಸ್ತೆಗೆ ಸರಕಾರದ ಬಸ್ಸು ಬಂದದ್ದೇ ಬಂದದ್ದು, ಕಂಪನಿಯ ಒಂದು ಗಾಡಿ ಶೆಡ್ಡು ಸೇರಿತು, ಗಾಡಿ ಕೂತ ಮೇಲೆ ಡ್ರೈವರನೂ ಕೂರಬೇಕು, ದಸರೆಯ ತನಕ ಒಬ್ಬ ಮನೆಯಲ್ಲಿರಲಿ ಎಂದರು ಮಾಲಕರು, ಪಗಾರವಿಲ್ಲದೆ. ಇರಲಿ, ಯಾರು? ಕಿರಿಯವನು. ಕಿರಿಯವನು ಯಾರು? ಲೈಸನ್ಸಿನ ತಾರೀಖು ನೋಡೋಣ್ರಿ ಅಂತ ಮ್ಯಾನೇಜರ ಕನ್ನಡಕ ಒರೆಸಿದ, ಆಗ ಗೋಣೆಪ್ಪ ಎದ್ದ, ಲೈಸನ್ಸಿನ ತಾರೀಖ ಯಾವನಿಗೆ ಬೇಕ್ರಿ, ಗಾಡಿ ತೊಳದ ತಾರೀಖ ಹಿಡೀರಿ, ಕಂಪನಿ ಹೊಸ್ತಲಾ ತುಳದ ದಿನದಿಂದ ಲೆಕ್ಕಾ ಹಿಡೀರಿ, ಇದ್ದಲೀ ಮಸಿ ನುಂಗಿದವ ದೊಡ್ಡಾವೋ, ಮಾವನ ಮನ್ಯಾಗ ತುಪ್ಪಾ ನುಂಗಿದವ ದೊಡ್ಡಾವೋ — ಆಗಲೇ ಮುಷ್ಟಿ ಬಿದ್ದದ್ದು. ಒಳಕೋಣೆಯಿಂದ ಮಾಲಕರು ಕೆಮ್ಮಿದರು, ಆತಪ್ಪ, ನಿಮ್ಮ ಲೆಕ್ಕಾನ ಆಗ್ಲಿ, ಆದ್ರ ಆರೂ ಮಂದಿ ಡ್ರೈವರ್‌ಗೋಳು ಕೈ ಎತ್ತಬೇಕು, ಒಂದ ಕೈ ಕೆಳಗ ಉಳದ್ರ ನಂದ ಮಾತು, ಲೈಸನ್ಸು. ಎತ್ತುತ್ತಾರೆ, ಎತ್ತದೆ ಏನು, ಇವತ್ತು ಸಂಜೆ ಸವಣೂರಿನ ಶೆಡ್ಡಿನಲ್ಲಿ ಆರು ಕೈ.

ಲಕ್ಷ್ಮಪ್ಪನೂ ಎತ್ತಬೇಕಾಗುತ್ತದೆ, ಮಾಲಕರ ಅಕ್ಕನ ಮಗ ಲಕ್ಷ್ಮಪ್ಪ, ತನ್ನನ್ನು ಮನೆಗೆ ಕಳಿಸುವ ಲೆಕ್ಕಕ್ಕೆ ತಾನೇ ಕೈ ಎತ್ತುವ ಆ ಮುಖ ನೋಡಬೇಕು, ಎತ್ತದಿದ್ದರೆ ಐದು ಜನರ ಎದುರು ಮಾವನ ಸೆರಗು ಹಿಡಿದವನಾದ. ಗೋಣೆಪ್ಪ ಕ್ಲೀನರನಾಗಿ ಗಾಡಿಯ ಕೆಳಗೆ ಮಲಗಿ ಸೋರುವ ಎಣ್ಣೆ ಕುಡಿಯುತ್ತಿದ್ದ ಕಾಲದಲ್ಲಿ ಇವನು ಇಸ್ತ್ರಿ ಅಂಗಿ ತೊಟ್ಟು ಸೀದಾ ಸೀಟಿಗೇ ಬಂದು ಕೂತವನು, ಲೈಸನ್ಸು ಕಿಸೆಯಲ್ಲೇ ಇತ್ತು, ಗೋಣೆಪ್ಪನಿಗಿಂತ ಎರಡು ವರ್ಷ ಮೊದಲಿನದು. ಹೋದ ಮಳೆಗಾಲ ಹಿರೇಕೆರೂರಿನ ದಾರಿ ಕೆಸರಾಗಿ ನಿಂತಾಗ ಆ ಲೈಸನ್ಸಿನ ಲೆಕ್ಕದಲ್ಲೇ ಗೋಣೆಪ್ಪನನ್ನು ಮನೆಗೆ ಕಳಿಸಿದ್ದರು, ಅಯ್ಯೋ ಆ ದಿನಗಳು, ಹಗ್ಗದ ಹೊರಸಿನ ಮೇಲೆ ಕೂತು ರಸ್ತೆ ಕೇಳುವುದು, ಗಾಡಿ ಕಾಣದಿದ್ದರೂ ಗೇರು ಬೀಳುವ ಸದ್ದಿಗೇ ಯಾರ ಕೈ ಎಂದು ತಿಳಿಯುತ್ತಿತ್ತು, ಲಕ್ಷ್ಮಪ್ಪ ಮೂಲೆಯಲ್ಲಿ ತಿರುಗಿಸಿದನೆಂದರೆ ಕರ್ರ್ ಎಂದು ಕಬ್ಬಿನ ಗಾಣದಂಥ ಸದ್ದು, ಗೋಣೆಪ್ಪನ ಹಲ್ಲೇ ಕಡಿದಂತಾಗಿ ಎದ್ದು ಬೈಯುವುದು, ಒಳಗಿನಿಂದ ಹೆಂಡತಿ ಹೊಳೆವ್ವ, ನಿಮ್ಮ ಹಾರ್ನು ಮನ್ಯಾಗ ಬಾರಸಬ್ಯಾಡ್ರಿ, ಕೂಸು ಮಲಗೈತಿ. ಹೊಳೆವ್ವಾ, ಈ ಸಲ ಹೊರಸು ಅವನದು, ತಿಳೀತಾ, ಈ ಸಲ ಅವನು ಕೇಳಲಿ ನನ್ನ ಗೇರು. ಇಷ್ಟೇ ಅಲ್ಲ, ದಸರೆಯೊಳಗೆ ಹಾನಗಲ್ಲ ರಸ್ತೆಯನ್ನೂ ಸರಕಾರ ತಗೊಳ್ಳುತ್ತದಂತೆ, ತಗೊಂಡ ದಿನ ಯಾರು ಡ್ಯೂಟಿಯ ಮೇಲೆ ಇರುತ್ತಾರೋ ಅವರಷ್ಟೇ ಸರಕಾರಿ ಡ್ರೈವರು, ಖಾಕಿ ಕೋಟು, ಹಿತ್ತಾಳೆ ಬಿಲ್ಲೆ, ಸಾಯುವ ತನಕ ನೌಕರಿ, ಮನೆಯಲ್ಲಿ ಕೂತವನು ಕೂತೇ ಇರುತ್ತಾನೆ — ಕರಿಬಸಪ್ಪ ಧಾರವಾಡಕ್ಕೆ ಹೋಗಿ ಕೇಳಿಕೊಂಡು ಬಂದ ಮಾತು, ಸುಳ್ಳಾಗುವುದಿಲ್ಲ. ತಡಸದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಪಾಟಿ ಒಡೆದು ಮಾಸ್ತರರಿಂದ ಒದೆ ತಿಂದು ಓಡಿಬಂದವನು ಸರಕಾರಿ ಮನುಷ್ಯನಾಗುತ್ತಾನೆ, ನೋಡಿರಿ ಮಾಸ್ತರರೇ.

ಏರು ಬಂತು, ಕ್ಲಚ್ಚು ಒತ್ತಿ ಗೇರನ್ನು ನಡುವಿಗೆ ತಂದ, ನಿಲ್ಲಿಸಿದ, ಈ ಒಂದು ಗಳಿಗೆ, ಗೇರು ಅಲ್ಲೂ ಇಲ್ಲ ಇಲ್ಲೂ ಇಲ್ಲ, ಲಕ್ಷ್ಮಪ್ಪನಂಥವರು ಇಲ್ಲೇ ದಬ್ಬಿ ಹಲ್ಲು ಮುರಿಯುವುದು — ತಳ್ಳಬ್ಯಾಡ, ತಡಿ, ಇಂಜಿನ್ ಹೇಳ್ತೈತಿ, ಕೇಳು — ಫಕ್ರುಸಾಬ ಉಸ್ತಾದರ ದನಿ, ಅವರ ಅಗಲ ಅಂಗೈ ಇವನ ಕೈಯ ಮೇಲೆ, ಹೆಬ್ಬೆರಳಿನ ಸೀಳು ಉಗುರು, ಯುದ್ಧದ ಕಾಲ, ಪೆಟ್ರೋಲ್ ಇಲ್ಲ, ಗಾಡಿಗಳ ಬೆನ್ನಿಗೆ ಇದ್ದಿಲಿನ ಒಲೆ, ಇವನ ಕೈ ಮೊಣಕೈ ತನಕ ಮಸಿ, ಹಾನಗಲ್ಲ ಕಂಪನಿಯ ಒಬ್ಬ ಡ್ರೈವರನಾದರೂ ಸ್ಟಿಯರಿಂಗ್ ಮುಟ್ಟಗೊಟ್ಟಿದ್ದನೇ, ಸವಣೂರು ಕಂಪನಿಯ ಉಸ್ತಾದರು, ಎದುರಾಳಿ ಕಂಪನಿಯವರು, ಯಲವಿಗಿ ಸ್ಟೇಶನ್ನಿನಲ್ಲಿ ರೈಲು ತಡವಾದಾಗ ತಮ್ಮ ಗಾಡಿಗೇ ಹತ್ತಿಸಿಕೊಂಡರು, ಬಾರೋ ಗೋಣ್ಯಾ, ಕುಂದರು. ಕೈ ಹೊಲಸ ಐತ್ರಿ ಉಸ್ತಾದ. ಮಸಿ ತೊಳದ್ರ ಹೋಗ್ತೈತಿ, ಹಿಡಿ. ಮಸಿಗೈಯ ಮೇಲೆ ಅವರ ಕೈ, ಒತ್ತಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಭಾರ, ಇಂಜಿನ್ನಿನ ದನಿ ಇಳಿಯಿತು, ಇಳಿಯಿತು, ಗೇರು ತಾನಾಗಿ ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು, ಅವರು ಕೈ ತೆಗೆದಾಗ ಅಂಗೈ ತುಂಬ ಕಪ್ಪು. ಅದನ್ನು ನೋಡಿಕೊಂಡು ನಕ್ಕರು, ಲಗ್ನದ ಮೆಹಂದಿ ಆತಲ್ಲೋ. ಇವತ್ತು ಶೆಡ್ಡಿನಲ್ಲಿ ಅವರ ಎದುರು ಬೆಳಗಿನ ಮಾತನ್ನೆಲ್ಲ ಇನ್ನೊಮ್ಮೆ ಹೇಳಬೇಕು, ಮಸಿದೌತಿ ಹಾರಿದ್ದನ್ನು ಎರಡು ಸಲ ಹೇಳಬೇಕು.

ಬಂಕಾಪುರ. ಮಂದಿ ಇಳಿಯಿತು, ಕೋಳಿ ಬುಟ್ಟಿ ಇಳಿಯಿತು, ರೇಡಿಯೇಟರಿಗೆ ನೀರು ಕುಡಿಸುತ್ತಿದ್ದಾನೆ ಗೋಣೆಪ್ಪ, ಹಬೆ ಮುಖಕ್ಕೆ ಬಡಿಯುತ್ತಿದೆ, ಕಂಡಕ್ಟರ್ ನಿಯಾಜ ಬೀಡಿ ಹಚ್ಚುತ್ತ ಪಕ್ಕಕ್ಕೆ ಬಂದ, ಭಾರಿ ಮಾತಾಡಿದಿರಂತ ಗೋಣೆಪ್ಪಣ್ಣಾ, ಊರೆಲ್ಲಾ ಅದ ಸುದ್ದಿ. ಮತ್ತ, ಸುಮ್ನ ಬಿಡ್ತೇನೇನೋ. ಅಲ್ರಿ, ಉಸ್ತಾದರಿಗೆ ಹೇಳೀರೋ ಇಲ್ಲೋ. ಏನ ಹೇಳೂದು? ಅವರು ಮನ್ಯಾಗ ಕೂಡೂದನ್ನ. ಕೂಡೂದು ಲಕ್ಷ್ಮಪ್ಪಲೇ, ನಿನಗ ಗೊತ್ತಿಲ್ಲ. ನಿಯಾಜ ಬೀಡಿ ಬಾಯಿಂದ ತೆಗೆದ, ಲಕ್ಷ್ಮಪ್ಪ ಹೆಂಗ್ರಿ, ಕಂಪನಿ ಹೊಸ್ತಲಾ ತುಳದ ದಿನ ಅಂದಿರಿ, ಸವಣೂರ ಕಂಪನೀನ ನಮ್ಮ ಮಾಲಕರು ತಗೊಂಡದ್ದು ಹೋದ ಶಿವರಾತ್ರಿಗೆ, ಶೆಡ್ಡು, ಗಾಡಿ, ಉಸ್ತಾದ, ಎಲ್ಲಾ ಒಂದ ದಿನ ಬಂದದ್ದು, ನಿಮ್ಮ ಲೆಕ್ಕದಾಗ ಅವರ ಕಟ್ಟಕಡೀ ಮನಷ್ಯಾ. ನೀರು ತುಂಬಿ ಹರಿಯಿತು, ಬಾನೆಟ್ಟಿನ ಮೇಲೆ, ಕಾಲ ಮೇಲೆ, ಬಿಸಿ, ಗೋಣೆಪ್ಪ ಕೊಡ ಇಳಿಸಲಿಲ್ಲ — ಉಸ್ತಾದರನ್ನು ಯಾರಾದರೂ ಎಣಿಸುತ್ತಾರೇನು, ಇವನು ಎಣಿಸಿರಲಿಲ್ಲ, ರಾತ್ರಿಯೆಲ್ಲ ಬೆರಳು ಮಡಚಿ ಎಣಿಸಿದಾಗ ಐದೇ ಜನ ಬಂದಿದ್ದರು, ಐದರಲ್ಲಿ ಕಡೆಯವನು ಲಕ್ಷ್ಮಪ್ಪ, ಆರನೆಯ ಬೆರಳು ಬೇಕೆಂದು ಹೊಳೆಯಲೇ ಇಲ್ಲ, ಈ ರಸ್ತೆಗಳ ಮೇಲೆ ಮೊದಲ ಮೋಟಾರು ಓಡಿಸಿದವರು, ಅವರು ಬಂದವರಲ್ಲ, ಇದ್ದವರು. ಥೂ ನಿನ್ನ ಬಾಯಿಗೆ ಮಣ್ಣು ಹಾಕ ಎಂದು ನಿಯಾಜನನ್ನು ಬೈದ, ಕೊಡ ಒಗೆದ, ಒಗೆದ ಕೊಡ ಉರುಳಿ ಉರುಳಿ ಚಹದ ಅಂಗಡಿಯ ತನಕ ಹೋಯಿತು.

ಇನ್ನು ಗಾಡಿ ಓಡುತ್ತಿಲ್ಲ, ಹಾರುತ್ತಿದೆ, ಹಿಂದಿನಿಂದ ಯಾವಳೋ ಅಜ್ಜಿ, ಯಪ್ಪಾ, ನಾವು ಮನೀ ಮುಟ್ಟಬೇಕೋ, ಗೋಣೆಪ್ಪ ಕೇಳುತ್ತಿಲ್ಲ, ಲೈಸನ್ಸಿನ ಲೆಕ್ಕ ಹಿಡಿದರೆ ಉಸ್ತಾದರು ಎಲ್ಲರಿಗಿಂತ ಮೇಲೆ, ಆಮೇಲೆ ಉಳಿದವರು, ಆಮೇಲೆ ಲಕ್ಷ್ಮಪ್ಪ, ಕಡೆಗೆ ಗೋಣೆಪ್ಪ, ಹೊಸ್ತಿಲ ಲೆಕ್ಕ ಹಿಡಿದರೆ ಕಡೆಗೆ ಉಸ್ತಾದರು, ಆ ಬೋಳಿಮಗ ಲಕ್ಷ್ಮಪ್ಪ ಎರಡರಲ್ಲೂ ಉಳಿಯುತ್ತಾನೆ, ಅದಕ್ಕೇ ಬೆಳಿಗ್ಗೆ ಅವನು ಬಾಯಿ ಬಿಡಲಿಲ್ಲ, ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದ, ಎಣಿಸಿದ್ದ, ಆರೂ ಬೆರಳು ಎಣಿಸಿದ್ದ. ಉಸ್ತಾದರಿಗೆ ಅರವತ್ತರ ಹತ್ತಿರ, ಒಮ್ಮೆ ಇಳಿಸಿದರೆ ಮತ್ತೆ ಯಾರು ಹತ್ತಿಸುತ್ತಾರೆ, ಮನೆಯಲ್ಲಿ ಅವರ ಹೆಂಡತಿ ರಹಿಮಾಬಿ ಹಾಸಿಗೆ ಹಿಡಿದಿದ್ದಾಳೆ, ಆದರೆ ನನಗೆ, ನನಗೆ ಖಾಕಿ ಕೋಟು ಬೇಡವೇ, ನಾನೇನು ಕಳ್ಳತನದಲ್ಲಿ ಕೇಳಿದೆನೇ, ಮಸಿ ನುಂಗಿದ್ದು ಸುಳ್ಳೇ, ಅವರೇ ಹೇಳಲಿ, ಗೋಣ್ಯಾ ಇದು ನ್ಯಾಯವಲ್ಲ ಎಂದು ಅವರೇ ಒಂದು ಮಾತು ಬೈಯಲಿ, ಬೈದರೆ ನಾನೂ ಬೈಯುತ್ತೇನೆ, ಜಗಳವಾದರೆ ಸಲೀಸು, ಜಗಳ ನನಗೆ ಬರುತ್ತದೆ — ಸವಣೂರಿನ ಎಲೆಬಳ್ಳಿ ತೋಟಗಳು, ಹಸಿರು ತಂಪು, ಮೊದಲ ಹನಿ ಗಾಜಿನ ಮೇಲೆ, ಇಳಿಜಾರು, ಗೇರು ನಡುವಿಗೆ ಬಂತು, ತಳ್ಳಬ್ಯಾಡ, ತಡಿ.

ಶೆಡ್ಡಿನ ತಗಡಿನ ಮೇಲೆ ಮಳೆ ಕುಣಿಯುತ್ತಿದೆ, ಮಾತು ಕೂಗಿ ಹೇಳಬೇಕು, ಮ್ಯಾನೇಜರ ಧೋತರ ಬದಲಿಸಿದ್ದಾನೆ, ಟೈರಿನ ಮೇಲೆ ಕೂತಿದ್ದ ಉಸ್ತಾದರು ಇವನನ್ನು ಕಂಡು ಸರಿದು ಜಾಗ ಬಿಟ್ಟರು, ಬಾರೋ, ಮೇಜ ಮುರದೀಯಂತಲ್ಲೋ, ಹಂಗ ಇರಬೇಕು. ಬೈಯಲಿಲ್ಲ. ಉಸ್ತಾದ, ನಂಗ ಗೊತ್ತಿರಲಿಲ್ರಿ. ಏನ ಗೊತ್ತಿರಲಿಲ್ಲ, ಹೊಸ್ತಲಾ ತುಳದ ಲೆಕ್ಕಾ ಬರೋಬ್ಬರಿ ಐತಿ, ಯೂನಿಯನ್ ಆಡಿದ ಮಾತು, ನಡುವ ಮುರಿಬಾರದು. ಕರಿಬಸಪ್ಪ ಡಬ್ಬಿ ಬಡಿದ, ಗೋಣೆಪ್ಪ ಎತ್ತಿದ ಮಾತು, ಒಪ್ಪಿದವರು ಕೈ ಎತ್ರಿ. ಎಲ್ಲಕ್ಕಿಂತ ಮೊದಲು ಎದ್ದದ್ದು ಅಗಲ ಅಂಗೈ, ಸೀಳು ಉಗುರಿನ ಹೆಬ್ಬೆರಳು, ತಗಡಿನ ಕಡೆಗೆ ನೆಟ್ಟಗೆ, ಆಮೇಲೆ ಒಂದು, ಇನ್ನೊಂದು, ಮತ್ತೊಂದು, ಲಕ್ಷ್ಮಪ್ಪನದೂ, ಇಸ್ತ್ರಿ ತೋಳು, ಐದು. ಮಳೆ. ಕರಿಬಸಪ್ಪ ಕೂಗಿದ, ಗೋಣೆಪ್ಪಾ, ನಿಂದೊಂದ ಉಳದೈತಿ, ನಿಂದ ಮಾತಲ್ಲೋ ಇದು, ಎತ್ತೋ. ಹೊರಸು ಕಾಣಿಸುತ್ತಿದೆ, ಹೊಳೆವ್ವ ಕಾಣಿಸುತ್ತಿದ್ದಾಳೆ, ಮೂಲೆಯಲ್ಲಿ ಕರ್ರ್ ಎನ್ನುವ ಗೇರು ಕೇಳಿಸುತ್ತಿದೆ, ದಸರೆಯ ತನಕ, ದಸರೆಯ ಆಚೆಗೂ, ಕೇಳಿಸಲಿ. ಎತ್ತೋ ಅಂದೆನಲ್ಲೋ, ಲೈಸನ್ಸ ಆದ್ರ ನೀನ ಹೊರಗ, ತಿಳೀತಿಲ್ಲೇನ. ತಿಳಿಯುತ್ತದೆ. ಕೈ ತೊಡೆಯ ಮೇಲಿದೆ, ಎತ್ತಿದರೆ ಏಳುವ ಕೈಯೇ, ಆದರೆ ಅದರ ಮೇಲೆ ಭಾರವಿದೆ, ಒತ್ತುವುದಿಲ್ಲ, ಎಳೆಯುವುದಿಲ್ಲ, ಗೇರು ನಡುವಿನಲ್ಲಿ ನಿಂತಿದೆ, ಇಂಜಿನ್ನಿನ ದನಿ ಇಳಿಯುತ್ತಿದೆ, ಇಳಿಯುತ್ತಿದೆ, ಮಸಿಗೈಯ ಮೇಲೆ ಅಗಲ ಅಂಗೈ, ಸೀಳು ಉಗುರು, ಅಂಗೈ ತುಂಬ ಕಪ್ಪು